ಬೋರ್ಡು ಹೋಗಿದೆ ಎನ್ನುವವರಿಗೆ

"ಎಡಗಡೆ ಚಾನೆಲ್ ಬೋರ್ಡು ಹೋಗಿದೆ ಸಾರ್. ಪಾರ್ಟ್ಸ್ ಸಿಗಲ್ಲ. ಗುಜರಿಗೆ ಹಾಕಿ, ಹೊಸದು ತಗೊಳ್ಳಿ."

ಇಷ್ಟು ಹೇಳೋಕೆ ಬೆಂಗಳೂರಿನ ಆ ಅಂಗಡಿಯವನಿಗೆ ಬೇಕಾಗಿದ್ದು ನಾಲ್ಕು ನಿಮಿಷ. ಮುಚ್ಚಳದ ಒಂದೇ ಒಂದು ಸ್ಕ್ರೂ ಬಿಚ್ಚಿರಲಿಲ್ಲ. 'ಚೆಕಿಂಗ್' ಮಾಡಿದ್ದಕ್ಕೆ ಅಂತ 300 ರೂಪಾಯಿ ಬೇರೆ ತಗೊಂಡ.

ಅದು ನಮ್ಮ ದೊಡ್ಡಪ್ಪನ ಸಾನ್ಸುಯಿ ಆಂಪ್ಲಿಫೈಯರ್. 1979ರಲ್ಲಿ ಕುವೈತ್‌ನಿಂದ ಬರುವಾಗ ಹೊತ್ತುಕೊಂಡು ಬಂದದ್ದು. ಕುಂದಾಪುರದ ಹತ್ತಿರದ ನಮ್ಮ ಊರಲ್ಲಿ ಆಗ ಅದನ್ನು ನೋಡೋಕೇ ಜನ ಬರ್ತಿದ್ದರಂತೆ. ನನಗೆ ನೆನಪಿರೋದು ಅದರ ಮುಂಭಾಗದ ಗುಂಡಿಗಳು. ಅಲ್ಯುಮಿನಿಯಂನವು, ತಣ್ಣಗೆ, ತಿರುಗಿಸಿದರೆ ಒಂದೊಂದು ಮೆಟ್ಟಿಲಿಗೂ 'ಟಕ್' ಅನ್ನೋವು. ಮುಟ್ಟಿದರೆ ಬೈಗುಳ ಗ್ಯಾರಂಟಿ.

ಎರಡು ವರ್ಷದಿಂದ ಅದರ ಎಡಗಡೆ ಒಮ್ಮೆ ಕೇಳ್ತಿತ್ತು, ಒಮ್ಮೆ ಇಲ್ಲ. ದೊಡ್ಡಪ್ಪನಿಗೆ ಈಗ 78. ಅವರು ಅಂದುಕೊಂಡದ್ದು ತಮ್ಮ ಎಡಕಿವಿಯೇ ಹೋಯಿತು ಅಂತ! ಮನೆಯವರೂ "ವಯಸ್ಸಾಯ್ತಲ್ಲ" ಅಂದರು, ಮುಗೀತು. ಕುರ್ಚಿಯನ್ನು ಬಲಗಡೆ ಸ್ಪೀಕರಿನ ಪಕ್ಕಕ್ಕೆ ಎಳೆದುಕೊಂಡು ಕಾಳಿಂಗ ನಾವಡರ ಕ್ಯಾಸೆಟ್ ಕೇಳ್ತಾ ಕೂತಿರ್ತಿದ್ದರು. ದೊಡ್ಡಪ್ಪನ ಮಗ, ನನ್ನ ಅಣ್ಣ, ಒಂದು ಬ್ಲೂಟೂತ್ ಡಬ್ಬಿ ತಂದುಕೊಟ್ಟ. ಅದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಅಂಗಡಿಯಿಂದ ವಾಪಸ್ ತಂದ ರಾತ್ರಿ ನಾನು ಮಾಡಿದ್ದು ಏನು ಗೊತ್ತಾ? ಸ್ಪೀಕರ್ ವೈರು ಅದಲು ಬದಲು ಮಾಡಿ ನೋಡಿದೆ. ಸ್ಪೀಕರ್ ಎರಡೂ ಸರಿ ಇದ್ದವು. ಆಮೇಲೆ ಹಾಡು ಓಡುತ್ತಿರುವಾಗಲೇ ಒಂದೊಂದು ಸ್ವಿಚ್ಚನ್ನೂ ಹಿಂದೆ ಮುಂದೆ ಆಡಿಸಿದೆ. 'ಟೇಪ್ ಮಾನಿಟರ್' ಅನ್ನೋ ಗುಂಡಿ ಆಡಿಸಿದಾಗ ಎಡಗಡೆ ಗರಗರ ಅಂದು, ಒಂದು ಕ್ಷಣ ಪೂರ್ತಿ ದನಿ ಬಂದು, ಮತ್ತೆ ಸತ್ತಿತು. ಈಗ ಯೋಚನೆ ಮಾಡಿ. ಸುಟ್ಟುಹೋದ ಟ್ರಾನ್ಸಿಸ್ಟರ್ ಸ್ವಿಚ್ ಅಲ್ಲಾಡಿಸಿದ್ದಕ್ಕೆ ಎದ್ದು ಬರುತ್ತಾ?

ಈ ಸ್ವಿಚ್ಚಿನ ಕತೆ ಸ್ವಲ್ಪ ಹೇಳಲೇಬೇಕು. ಆ ಕಾಲದ ಆಂಪ್ಲಿಫೈಯರುಗಳಲ್ಲಿ ಟೇಪ್ ರೆಕಾರ್ಡರಿಗೆ ಅಂತ ಒಂದು ಬಳಸುದಾರಿ ಇರ್ತಿತ್ತು. ನೀವು ಅಲ್ಲಿಗೆ ಏನನ್ನೂ ಸಿಕ್ಕಿಸದಿದ್ದರೂ, ಜನ್ಮದಲ್ಲಿ ಆ ಗುಂಡಿ ಮುಟ್ಟದಿದ್ದರೂ, ಬರೋ ದನಿಯೆಲ್ಲ ಆ ಸ್ವಿಚ್ ದಾಟಿಯೇ ಮುಂದೆ ಹೋಗಬೇಕು. ಒಳಗಿನ ಕಾಂಟ್ಯಾಕ್ಟುಗಳಿಗೆ ಬೆಳ್ಳಿಯ ಲೇಪ. ಬೆಳ್ಳಿ ದೀಪ ಕಪಾಟಿನಲ್ಲಿಟ್ಟರೆ ಕಪ್ಪಾಗುತ್ತಲ್ಲ, ಇದೂ ಹಾಗೇ, ಗಾಳಿಯಲ್ಲಿರೋ ಗಂಧಕಕ್ಕೆ ಕಪ್ಪಾಗುತ್ತೆ. ಬಳಸ್ತಾ ಇದ್ದರೆ ಉಜ್ಜಿ ಉಜ್ಜಿ ತಾನೇ ಚೊಕ್ಕ ಆಗ್ತಿರುತ್ತೆ. ದೊಡ್ಡಪ್ಪ 40 ವರ್ಷ ಆ ಗುಂಡಿ ತಿರುಗಿಸಿಯೇ ಇರಲಿಲ್ಲ. (ನಮಗೂ ತಿರುಗಿಸೋಕೆ ಬಿಡಲಿಲ್ಲ, ಅದು ಬೇರೆ ಮಾತು.)

ವಾಲ್ಯೂಮ್ ಗುಂಡಿಯದ್ದೂ ಇಂಥದೇ ಗೋಳು. ಒಳಗೆ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಲೋಹದ ಕಾಲು. ನಡುವೆ ಧೂಳು ಕೂತರೆ ಗರಗರ. ಬಿಇ ನಾಲ್ಕು ವರ್ಷದಲ್ಲಿ ಪೊಟೆನ್ಶಿಯೋಮೀಟರಿನ ಚಿತ್ರ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ಬಿಚ್ಚಿ ಒಳಗೆ ನೋಡಿದ್ದು ಮಾತ್ರ ಇದೇ ಮೊದಲು.

ಪ್ಲಗ್ ಕಿತ್ತೆ. ಒಳಗಿನ ದೊಡ್ಡ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲವು, ಹಾಗಾಗಿ ಬಿಟ್ಟು, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿದೆ. ಎಸ್ ಪಿ ರೋಡಿನಲ್ಲಿ ತಂದ ಕಾಂಟ್ಯಾಕ್ಟ್ ಕ್ಲೀನರನ್ನು ಸ್ವಿಚ್ಚಿನ ಸಂದಿಗೆ ಒಂದೇ ಪುಸಕ್, ಆಮೇಲೆ 30 ಸಲ ತಿರುಗಿಸೋದು. ಕಾರ್ಬನ್ ಪಟ್ಟಿಗೆ ಅದೇ ಡಬ್ಬ ಅಲ್ಲ, ಪಟ್ಟಿಯನ್ನು ಪೂರಾ ಒಣಗಿಸದ, ಜಾರಿಕೆ ಉಳಿಸುವ ಬೇರೆಯದು. ಗೇಟಿನ ಬಿಜಾಗರಿಗೆ ಹೊಡೆಯೋ ಎಣ್ಣೆ ಸ್ಪ್ರೇ ಹೊಡೆದು, ಒಂದು ವಾರ ಸರಿಯಿದ್ದು, ಆಮೇಲೆ ಧೂಳೆಲ್ಲ ಅಂಟಿ ಮೊದಲಿಗಿಂತ ಕೆಟ್ಟದಾದ ಸೆಟ್ಟುಗಳನ್ನು ನೋಡಿದ್ದೇನೆ. ಸ್ಯಾಂಡ್‌ಪೇಪರ್ ಹಾಕೋ ಶೂರರೂ ಇದ್ದಾರೆ. ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತೆ ಸ್ವಾಮಿ! ಕೊನೆಗೆ ಸೀರೀಸ್ ಬಲ್ಬ್ ಹಾಕಿ ಆನ್ ಮಾಡಿದೆ. ಎರಡೂ ಕಡೆ ದನಿ ಬಂತು. ಒಟ್ಟು ಖರ್ಚು ಎರಡು ಡಬ್ಬ, ಒಂದು ಭಾನುವಾರ.

ನನ್ನ ಜಗಳ ಆ ಅಂಗಡಿಯವನೊಬ್ಬನ ಜೊತೆ ಅಲ್ಲ. ಅವನಿಗೆ ಬಾಡಿಗೆ ಇದೆ, ಅರ್ಧ ದಿನ ಕೂತು ಸ್ವಿಚ್ ತೊಳೆದರೆ ಯಾರು ದುಡ್ಡು ಕೊಡ್ತಾರೆ? ನಾವಂತೂ ಕೊಡಲ್ಲ. ಕಾಫಿಗೆ 250 ಕೊಟ್ಟು, ರಿಪೇರಿಗೆ 500 ಅಂದರೆ ಚೌಕಾಶಿ ಮಾಡೋರು ನಾವು. ನನ್ನ ಜಗಳ ನೋಡದೇ ತೀರ್ಪು ಕೊಡೋ ಚಾಳಿಯ ಜೊತೆ. ಇದರಲ್ಲಿ ಇನ್ನೊಂದು ಜಾತಿ ಇದೆ, ವಿಂಟೇಜ್ ಪ್ರಿಯರದ್ದು. ಹಳೇ ಸೆಟ್ ಕೈಗೆ ಬಂದ ತಕ್ಷಣ ಇದ್ದಬದ್ದ ಕೆಪಾಸಿಟರೆಲ್ಲ ಕಿತ್ತು ಹೊಸದು ಹಾಕ್ತಾರೆ. ಗರಗರ ಹೋಗಿರಲ್ಲ, ಯಾಕಂದ್ರೆ ಗುಂಡಿ ತೊಳೆದೇ ಇರಲ್ಲ. ಬೆಸುಗೆ ಹಾಕುವಾಗ ಹಳೇ ಬೋರ್ಡಿನ ತಾಮ್ರದ ಗೆರೆ ಎದ್ದು ಬಂದಿರುತ್ತೆ, ಅದು ಬೋನಸ್.

ನಮ್ಮ ಆಫೀಸಲ್ಲೂ ಹೀಗೇ ಅಲ್ವಾ? ಹಳೇ ಕೋಡಿನಲ್ಲಿ ಒಂದು ಬಗ್ ಬಂದರೆ ಸಾಕು, ಲಾಗ್ ಓದದ ಹುಡುಗ "ಲೆಗಸಿ ಸಾರ್, ಪೂರ್ತಿ ರೀರೈಟ್ ಮಾಡೋಣ" ಅಂತಾನೆ. ನಾನೂ ಆ ಹುಡುಗನಾಗಿದ್ದೆ, ಹಾಗಾಗಿ ಜಾಸ್ತಿ ಬೈಯೋಕೆ ಬಾಯಿ ಬರಲ್ಲ.

ಹಾಗಂತ ತೊಳೆದರೆ ಎಲ್ಲ ಸರಿಹೋಗುತ್ತೆ ಅಂತಲ್ಲ. ಕಾರ್ಬನ್ ಪಟ್ಟಿ ಸವೆದಿದ್ದರೆ ಯಾವ ಡಬ್ಬವೂ ಅದನ್ನು ಮತ್ತೆ ಬೆಳೆಸಲ್ಲ, ಹೊಸ ಗುಂಡಿಯೇ ಬೇಕು. ಸೋರುವ ಕೆಪಾಸಿಟರಿನಿಂದ ಡಿಸಿ ಬಂದು ಗುಂಡಿ ಗರಗರ ಅನ್ನೋದೂ ಉಂಟು. ಆಗ ಕೆಪಾಸಿಟರ್ ಬದಲಿಸಲೇಬೇಕು. ಬದಲಿಸಿ, ಯಾರು ಬೇಡ ಅಂದ್ರು? ಮುಚ್ಚಳ ತೆಗೆದು, ಅಳೆದು, ಆಮೇಲೆ ಬದಲಿಸಿ.

ಸೆಟ್ಟನ್ನು ಊರಿಗೆ ಒಯ್ದು ಜೋಡಿಸಿ ಕೊಟ್ಟೆ. ದೊಡ್ಡಪ್ಪ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಬಲಕಿವಿ ಬೆರಳಿನಿಂದ ಮುಚ್ಚಿಕೊಂಡು ಕೇಳಿದರು, ತೆಗೆದು ಕೇಳಿದರು, ಮತ್ತೆ ಮುಚ್ಚಿದರು.

"ಕಿವಿ ಸರಿ ಉಂಟಲ್ಲ ಮಾರಾಯ!" ಅಂದರು.

ಕುರ್ಚಿ ಎತ್ತಿ ನಡುವೆ ಇಟ್ಟೆ. ಟೇಪ್ ಮಾನಿಟರ್ ಗುಂಡಿಯನ್ನು ವಾರಕ್ಕೊಮ್ಮೆ ನಾಲ್ಕು ಸಲ ತಿರುಗಿಸಿ ಅಂತ ಹೇಳಿ ಬಂದಿದ್ದೇನೆ. ಅಣ್ಣ ಫೋನ್ ಮಾಡಿ ಹೇಳಿದ, ದಿನಾ ಬೆಳಿಗ್ಗೆ ತಿರುಗಿಸ್ತಾರಂತೆ, ಬೇರೆ ಯಾರಿಗೂ ಮುಟ್ಟೋಕೆ ಬಿಡ್ತಿಲ್ಲವಂತೆ.