ವಿಸ್ತೃತ ವಾರಂಟಿ: ಕುಡತಿನಿಯ ರಸ್ತೆಗೆ ಯಾವ ಲೆಕ್ಕ?

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯು ಸಣ್ಣ ಕಾರುಗಳು ಮತ್ತು 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಮೇಲಿನ ತೆರಿಗೆಯನ್ನು ಶೇ. 28ರಿಂದ ಶೇ. 18ಕ್ಕೆ ಇಳಿಸಿತು. ಸರಕು ಸಾಗಣೆಯ ಲಾರಿಗಳಿಗೂ ಇದೇ ದರ ಅನ್ವಯವಾಯಿತು. ತೆರಿಗೆ ಇಳಿಕೆಯಿಂದ ಗ್ರಾಹಕನ ಕೈಯಲ್ಲಿ ಒಂದಿಷ್ಟು ಹಣ ಉಳಿಯಿತೆಂಬುದು ನಿಜ. ಆದರೆ ವಾಹನ ಮಳಿಗೆಯ ಮೇಜಿನ ಮುಂದೆ ಕುಳಿತಾಗ ಆ ಹಣಕ್ಕೆ ಹೊಸ ದಾರಿಗಳು ತೆರೆದುಕೊಳ್ಳುತ್ತವೆ. ವಿಮೆ, ಸೀಟ್ ಕವರ್, ಬಣ್ಣದ ಲೇಪನ, ಕಡೆಗೆ ವಿಸ್ತೃತ ವಾರಂಟಿ. ಮೊದಲ ಮೂರರ ಬಗ್ಗೆ ಗ್ರಾಹಕನಿಗೆ ಒಂದು ಅಂದಾಜಾದರೂ ಇರುತ್ತದೆ. ನಾಲ್ಕನೆಯದರ ಬಗ್ಗೆ ಇರುವುದು ಭಯ ಮಾತ್ರ: ನಾಳೆ ಎಂಜಿನ್ ಕೈಕೊಟ್ಟರೆ?

ಈ ಪ್ರಶ್ನೆಗೆ ಬೆಂಗಳೂರಿನ ಗ್ರಾಹಕನಿಗೂ ಬಳ್ಳಾರಿ ಜಿಲ್ಲೆಯ ಕುಡತಿನಿಯ ಗ್ರಾಹಕನಿಗೂ ಒಂದೇ ಉತ್ತರ ಸಲ್ಲದು. ಕುಡತಿನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. 500 ಮೆಗಾವಾಟ್‌ನ ಎರಡು ಹಾಗೂ 700 ಮೆಗಾವಾಟ್‌ನ ಒಂದು ಘಟಕ ಸೇರಿ ಅದರ ಸಾಮರ್ಥ್ಯ 1,700 ಮೆಗಾವಾಟ್. ಸಮೀಪದ ತೋರಣಗಲ್ಲಿನಲ್ಲಿ ಬೃಹತ್ ಉಕ್ಕಿನ ಕಾರ್ಖಾನೆಯಿದೆ. ಬಳ್ಳಾರಿ–ಹೊಸಪೇಟೆ ಹೆದ್ದಾರಿಯಲ್ಲಿ ಅದಿರು, ಕಲ್ಲಿದ್ದಲು, ಹಾರುಬೂದಿ ಹೊತ್ತ ಲಾರಿಗಳ ಸಾಲು. ಬೂದಿ ಕುಡತಿನಿಗೆ ಹೊಸದೇನಲ್ಲ, ನವಶಿಲಾಯುಗದ ಬೂದಿದಿಬ್ಬದಿಂದಾಗಿ ಪುರಾತತ್ವಜ್ಞರಿಗೆ ಈ ಊರಿನ ಹೆಸರು ಬಹಳ ಹಿಂದಿನಿಂದಲೂ ಪರಿಚಿತ. ಆದರೆ ಇಂದಿನ ಬೂದಿ, ಕೆಂಪು ಧೂಳು ಮತ್ತು ನಲವತ್ತು ಡಿಗ್ರಿ ದಾಟುವ ಬೇಸಿಗೆ ವಾಹನದ ಆಯುಷ್ಯದ ಲೆಕ್ಕವನ್ನೇ ಬದಲಿಸುತ್ತವೆ.

ಮೊದಲು ವಾರಂಟಿಯ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ರಾಜ್ಯದಲ್ಲಿ 2023ರ ನಂತರ 'ಗ್ಯಾರಂಟಿ' ಎಂಬ ಪದಕ್ಕೆ ರಾಜಕೀಯ ಅರ್ಥವೇ ಮುಖ್ಯವಾಗಿದೆ. ವಾಹನದ ವಾರಂಟಿ ಅಷ್ಟು ಉದಾರವಾದುದಲ್ಲ. ವಸ್ತುವಿನಲ್ಲಿ ಅಥವಾ ತಯಾರಿಕೆಯಲ್ಲಿ ದೋಷವಿದ್ದು ಬಿಡಿಭಾಗ ಕೆಟ್ಟರೆ ಅದನ್ನು ದುರಸ್ತಿ ಮಾಡಿಕೊಡುವ ಅಥವಾ ಬದಲಿಸಿಕೊಡುವ ಸೀಮಿತ ವಾಗ್ದಾನವದು. ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್‌ಗೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನೇ ಹೇಳಿತು. ವಾರಂಟಿಯ ಷರತ್ತು ದೋಷಯುಕ್ತ ಭಾಗವನ್ನು ಬದಲಿಸುವುದಕ್ಕೆ ಸೀಮಿತವಾಗಿದ್ದರೆ ಇಡೀ ಕಾರನ್ನೇ ಬದಲಿಸಿಕೊಡುವಂತೆ ಕೇಳಲಾಗದು ಎಂಬುದು ಅದರ ತಿರುಳು. ಅಪಘಾತ, ನೆರೆ, ಕಳವು ವಿಮೆಯ ವ್ಯಾಪ್ತಿಗೆ ಬರುತ್ತವೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಟೈರು, ವೈಪರ್‌ಗಳಂತಹ ಸವೆಯುವ ಭಾಗಗಳು ಎರಡಕ್ಕೂ ಸೇರುವುದಿಲ್ಲ. ಇಲಿ ಕಡಿದ ವೈರಿಂಗ್ ವಾರಂಟಿಗೆ ಬಾರದು. ಸಿರುಗುಪ್ಪದ ಭತ್ತದ ಗಿರಣಿಗಳ ಆಸುಪಾಸಿನಲ್ಲಿ ಕಾರು ನಿಲ್ಲಿಸುವವರಿಗೆ ಇದು ಸಣ್ಣ ಮಾತೇನಲ್ಲ.

ಉಚಿತ ವಾರಂಟಿಯೇ ಈಗ ಹಿಂದಿಗಿಂತ ದೀರ್ಘವಾಗಿದೆ ಎಂಬ ಅಂಶವನ್ನೂ ಗಮನಿಸಬೇಕು. ಮಾರುತಿ ಸುಜುಕಿ ಸಂಸ್ಥೆಯು 2024ರ ಜುಲೈವರೆಗೆ ಎರಡು ವರ್ಷ ಅಥವಾ 40,000 ಕಿ.ಮೀ. ವಾರಂಟಿ ನೀಡುತ್ತಿತ್ತು. ಆ ತಿಂಗಳು ಅದನ್ನು ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ಗೆ ಏರಿಸಿತು, ಹಣ ಕೊಟ್ಟು ಪಡೆಯುವ ವಿಸ್ತೃತ ವಾರಂಟಿಯನ್ನು ಆರು ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೆ ಒಯ್ದಿತು. ಎರಡು ವರ್ಷದ ಕಾಲಕ್ಕೆ ಹೊಂದುತ್ತಿದ್ದ ಸಲಹೆಯನ್ನು ಇಂದಿನ ಗ್ರಾಹಕ ಹಾಗೆಯೇ ಪಾಲಿಸಿದರೆ ಈಗಾಗಲೇ ಪುಕ್ಕಟೆಯಾಗಿ ದೊರೆತುದಕ್ಕೇ ಹಣ ತೆತ್ತಂತಾದೀತು.

'ಯಾವುದು ಮೊದಲೋ ಅದು' ಎಂಬ ಪುಟ್ಟ ಷರತ್ತಿನಲ್ಲಿಯೇ ಇಡೀ ವ್ಯವಹಾರ ಅಡಗಿದೆ. ಕುಡತಿನಿಯಿಂದ ಬಳ್ಳಾರಿಗೆ ದಿನವೂ ಹೋಗಿಬರುವ ನೌಕರನೊಬ್ಬ ದಿನಕ್ಕೆ 40 ಕಿ.ಮೀ.ಯಂತೆ 300 ದಿನ ಓಡಿಸಿದರೆ ವರ್ಷಕ್ಕೆ 12,000 ಕಿ.ಮೀ. ಆಗುತ್ತದೆ. ಮೂರು ವರ್ಷ ಮುಗಿದಾಗ ಮೀಟರಿನಲ್ಲಿ 36,000 ಮಾತ್ರ ಇರುತ್ತದೆ. ಒಂದು ಲಕ್ಷದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬಳಕೆಯಾದಾಗಲೇ ಉಚಿತ ರಕ್ಷಣೆ ಕಾಲದ ಕಾರಣದಿಂದ ಮುಗಿಯುತ್ತದೆ. ಇಂಥವರಿಗೆ ನಾಲ್ಕನೆಯ, ಐದನೆಯ ವರ್ಷದ ವಿಸ್ತರಣೆ ಪೂರ್ಣ ಅವಧಿಗೆ ದೊರೆಯುತ್ತದೆ. ಅದೇ ವಾಹನವನ್ನು ಬಾಡಿಗೆಗೆ ದಿನಕ್ಕೆ 200 ಕಿ.ಮೀ. ಓಡಿಸುವವನಿಗೆ ವರ್ಷಕ್ಕೆ 60,000 ಕಿ.ಮೀ. ಆಗುತ್ತದೆ. ಒಂದು ಲಕ್ಷ ಇಪ್ಪತ್ತೇ ತಿಂಗಳಲ್ಲಿ ಮುಗಿಯುತ್ತದೆ, 1.6 ಲಕ್ಷ ಮೂವತ್ತೆರಡು ತಿಂಗಳಲ್ಲಿ. ಆರು ವರ್ಷದ ಯೋಜನೆಯೆಂದು ಕೊಂಡದ್ದು ಅವನ ಪಾಲಿಗೆ ಮೂರು ವರ್ಷಕ್ಕೂ ತಲುಪುವುದಿಲ್ಲ. ಇದರ ಮೇಲೆ ಖಾಸಗಿ ನೋಂದಣಿಯ ವಾಹನವನ್ನು ಬಾಡಿಗೆಗೆ ಓಡಿಸಿದ್ದು ತಿಳಿದರೆ ವಾರಂಟಿಯನ್ನೇ ನಿರಾಕರಿಸಬಹುದು.

ಈ ಜಿಲ್ಲೆಯ ಲಾರಿ ಮಾಲೀಕರು ಇದರ ಮತ್ತೊಂದು ಮುಖವನ್ನೂ ಕಂಡವರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿದಾಗ ಅದಿರು ಸಾಗಿಸುತ್ತಿದ್ದ ಲಾರಿಗಳು ನಿಂತಲ್ಲೇ ನಿಂತವು. 'ಎ' ವರ್ಗದ ಗಣಿಗಳು ಮರಳಿ ಕೆಲಸ ಆರಂಭಿಸಲು ಅನುಮತಿ ದೊರೆತದ್ದು 2012ರ ಸೆಪ್ಟೆಂಬರ್‌ನಲ್ಲಿ. ಈ ಅವಧಿಯಲ್ಲಿ ಸಾಲದ ಕಂತು ನಿಲ್ಲಲಿಲ್ಲ. ವಾರಂಟಿಯ ಕ್ಯಾಲೆಂಡರೂ ನಿಲ್ಲಲಿಲ್ಲ. ಓಡದ ಲಾರಿಯ ವಾರಂಟಿಯೂ ದಿನದಿನಕ್ಕೆ ಕರಗುತ್ತದೆ ಎಂಬ ಸಂಗತಿಯನ್ನು ಯಾವ ಮಾರಾಟ ಪ್ರತಿನಿಧಿಯೂ ಮುಂಚಿತವಾಗಿ ಹೇಳುವುದಿಲ್ಲ.

ಧೂಳಿನ ವಿಷಯ ಇನ್ನೂ ಸೂಕ್ಷ್ಮವಾದುದು. ವಾಹನದ ಕೈಪಿಡಿಯಲ್ಲಿ ಸಾಮಾನ್ಯ ಬಳಕೆಗೆ ಒಂದು, ಧೂಳು ಮತ್ತು ತೀವ್ರ ಬಳಕೆಗೆ ಇನ್ನೊಂದು ಸರ್ವಿಸ್ ಅವಧಿಯನ್ನು ಸೂಚಿಸಿರುತ್ತಾರೆ. ಎರಡನೆಯದರಲ್ಲಿ ಏರ್ ಫಿಲ್ಟರ್ ಮತ್ತು ಆಯಿಲ್ ಬದಲಿಸುವ ಅಂತರ ಕಡಿಮೆ. ಕುಡತಿನಿಯ ವಾಹನ ಯಾವ ವರ್ಗಕ್ಕೆ ಸೇರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಹುತೇಕರು ಮೊದಲನೆಯ ಪಟ್ಟಿಯನ್ನೇ ನಂಬಿರುತ್ತಾರೆ. ಫಿಲ್ಟರ್ ಕಟ್ಟಿಕೊಂಡು ಧೂಳು ಒಳಹೊಕ್ಕು ಟರ್ಬೊ ಹಾಳಾದರೆ, ಅದು ತಯಾರಿಕೆಯ ದೋಷವಲ್ಲ, ನಿರ್ವಹಣೆಯ ಲೋಪ ಎಂದು ಕಂಪೆನಿ ವಾದಿಸಬಹುದು. ಆಗ ಐದು ವರ್ಷದ ವಾರಂಟಿಯಾದರೂ ಅಷ್ಟೇ, ಹತ್ತು ವರ್ಷದ್ದಾದರೂ ಅಷ್ಟೇ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಯಾದ ಬಳಿಕ ಡೀಸೆಲ್ ಕಾರುಗಳಿಗೆ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಸೋಸುಕವೂ ಬಂದಿದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗ ಅದು ತನ್ನನ್ನು ತಾನೇ ಶುದ್ಧಗೊಳಿಸಿಕೊಳ್ಳುತ್ತದೆ. ವಸತಿ ಬಡಾವಣೆಯಿಂದ ಸ್ಥಾವರದ ಗೇಟಿನವರೆಗಷ್ಟೇ ಓಡಾಡುವ ಕಾರಿನಲ್ಲಿ ಕಟ್ಟಿಕೊಳ್ಳುತ್ತದೆ. ವಿಸ್ತೃತ ವಾರಂಟಿ ಈ ಭಾಗವನ್ನು ಒಳಗೊಂಡಿದೆಯೇ, ಒಳಗೊಂಡಿದ್ದರೆ 'ಕಟ್ಟಿಕೊಂಡದ್ದು' ದೋಷವೆಂದು ಪರಿಗಣಿತವೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯದೆ ಡೀಸೆಲ್ ಕಾರಿಗೆ ಹಣ ಕಟ್ಟುವುದು ಜಾಣತನವಲ್ಲ.

ಹಣಕಾಸಿನ ದೃಷ್ಟಿಯಿಂದ ನೋಡಿದರೆ ವಿಸ್ತೃತ ವಾರಂಟಿಯೂ ಒಂದು ಬಗೆಯ ವಿಮೆಯೇ. ಮಾರುವವನಿಗೆ ಲಾಭವಿಲ್ಲದಿದ್ದರೆ ಅದನ್ನು ಮಾರುತ್ತಿರಲಿಲ್ಲ. ಯೋಜನೆಗೆ 15,000 ರೂ., ದೊಡ್ಡ ದುರಸ್ತಿಗೆ 60,000 ರೂ. ಎಂದು ಭಾವಿಸಿದರೆ, ವಿಸ್ತರಣೆಯ ವರ್ಷಗಳಲ್ಲಿ ಅಂತಹ ದುರಸ್ತಿ ನಾಲ್ಕು ವಾಹನಗಳಲ್ಲಿ ಒಂದಕ್ಕಾದರೂ ಬಂದಾಗ ಮಾತ್ರ ಗ್ರಾಹಕರ ಸಮೂಹಕ್ಕೆ ಹಣ ಸರಿಹೋಗುತ್ತದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯು ಕಾರು ಮಾಲೀಕರನ್ನು ಸಮೀಕ್ಷಿಸಿದಾಗ, ವಿಸ್ತೃತ ವಾರಂಟಿ ಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದನ್ನು ಒಮ್ಮೆಯೂ ಬಳಸಿರಲಿಲ್ಲವೆಂದು ತಿಳಿದುಬಂದಿತ್ತು. ಹಾಗೆಂದು ಅದು ಎಲ್ಲರಿಗೂ ವ್ಯರ್ಥವೆಂದಲ್ಲ. ಸರಾಸರಿಯ ಲೆಕ್ಕ ಉಳಿತಾಯವಿದ್ದವನಿಗೆ ಸರಿ. ತಿಂಗಳ ಸಂಬಳದಲ್ಲಿ ಕಂತು ಕಟ್ಟಿ ಉಳಿದದ್ದರಲ್ಲಿ ಸಂಸಾರ ನಡೆಸುವವನಿಗೆ 60,000 ರೂ.ಗಳನ್ನು ಒಮ್ಮೆಲೇ ಹೊಂದಿಸಬೇಕಾದ ಸ್ಥಿತಿಯೇ ಸಂಕಟ. ಅಂಥವನು ಆ ಸಂಕಟವನ್ನು ತಪ್ಪಿಸಿಕೊಳ್ಳಲು ಸ್ವಲ್ಪ ಹೆಚ್ಚು ತೆತ್ತರೆ ತಪ್ಪೇನೂ ಇಲ್ಲ. ಹಲವು ಇಲೆಕ್ಟ್ರಾನಿಕ್ ಘಟಕಗಳಿರುವ, ಸ್ವಯಂಚಾಲಿತ ಗೇರಿನ ಅಥವಾ ಟರ್ಬೊ ಎಂಜಿನ್ನಿನ ಕಾರಿಗೆ ವಾದ ಇನ್ನಷ್ಟು ಬಲವಾಗುತ್ತದೆ. ಸರಳವಾದ ಪೆಟ್ರೋಲ್ ಕಾರಿಗೆ ದುರ್ಬಲವಾಗುತ್ತದೆ.

ಆದರೆ ಅದನ್ನು ಸಾಲಕ್ಕೆ ಸೇರಿಸುವ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ. 15,000 ರೂ.ಗಳನ್ನು ಶೇ. 9ರ ಬಡ್ಡಿಗೆ ಏಳು ವರ್ಷದ ಕಾರು ಸಾಲದಲ್ಲಿ ಸೇರಿಸಿದರೆ ಒಟ್ಟು ಪಾವತಿ 20,000 ರೂ. ದಾಟುತ್ತದೆ. ಅದೂ ಮೊದಲ ಮೂರು ವರ್ಷ ಯಾವ ಕೆಲಸಕ್ಕೂ ಬಾರದ ರಕ್ಷಣೆಗೆ. ವಾಸ್ತವವಾಗಿ ವಾಹನ ಕೊಂಡ ದಿನವೇ ಇದನ್ನು ಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಪ್ರಮುಖ ಕಂಪೆನಿಗಳು ಮೂಲ ವಾರಂಟಿ ಮುಗಿಯುವ ಮುನ್ನ ಕೊಳ್ಳಲು ಅವಕಾಶ ನೀಡುತ್ತವೆ. ತಡವಾದಷ್ಟೂ ದರ ಏರುತ್ತದೆ ಅಷ್ಟೆ. ಎರಡು ವರ್ಷ ಓಡಿಸಿದ ಬಳಿಕ ತನ್ನ ವಾಹನದ ಗುಣ, ವರ್ಷಕ್ಕೆ ಓಡುವ ದೂರ, ಸರ್ವಿಸ್ ಕೇಂದ್ರದ ನಡತೆ ಮೂರೂ ಮಾಲೀಕನಿಗೆ ತಿಳಿದಿರುತ್ತವೆ. ಆ ಅರಿವಿಗೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಸರ್ವಿಸ್ ಕೇಂದ್ರದ ಪ್ರಶ್ನೆಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಕಲ್ಯಾಣ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಕೊಂಡು ಕೆಲವೇ ವಾರಗಳಾದ ವಿದ್ಯುತ್ ಸ್ಕೂಟರ್ ದುರಸ್ತಿಯಾಗದೆ ರೋಸಿಹೋದ ಗ್ರಾಹಕನೊಬ್ಬ 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಓಲಾ ಮಳಿಗೆಗೆ ಬೆಂಕಿ ಹಚ್ಚಿದ ಆರೋಪದ ಮೇಲೆ ಬಂಧಿತನಾದ. ಆ ಕೃತ್ಯ ಅಕ್ಷಮ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರುತಿಂಗಳೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ಹತ್ತು ಸಾವಿರಕ್ಕೂ ಹೆಚ್ಚು ದೂರುಗಳ ಹಿನ್ನೆಲೆಯಲ್ಲಿ ಅದೇ ಕಂಪೆನಿಗೆ ನೋಟಿಸ್ ಜಾರಿ ಮಾಡಿತು. ಶೇ. 99ಕ್ಕೂ ಹೆಚ್ಚು ದೂರುಗಳನ್ನು ಬಗೆಹರಿಸಿದ್ದಾಗಿ ಕಂಪೆನಿ ಉತ್ತರಿಸಿತು. ಗಮನಾರ್ಹ ಸಂಗತಿಯೆಂದರೆ, ಅದೇ ವರ್ಷದ ಆರಂಭದಲ್ಲಿ ಆ ಕಂಪೆನಿ ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಪ್ರಕಟಿಸಿತ್ತು. ವಾರಂಟಿಯ ವರ್ಷಗಳು ಉದ್ದವಾಗಿದ್ದ ಮಾತ್ರಕ್ಕೆ ದುರಸ್ತಿಗೆ ಕಾಯುವ ದಿನಗಳು ಗಿಡ್ಡವಾಗುವುದಿಲ್ಲ. ಕುಡತಿನಿಯವರು ಅಧಿಕೃತ ಸರ್ವಿಸ್‌ಗೆ ಸಾಮಾನ್ಯವಾಗಿ ಬಳ್ಳಾರಿಯನ್ನೇ ಅವಲಂಬಿಸಬೇಕು. ತಾವು ಕೊಳ್ಳುವ ಕಂಪೆನಿಯ ಕಾರ್ಯಾಗಾರ ಅಲ್ಲಿದೆಯೇ, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ ಎಂಬ ವಿಚಾರಣೆ ವಾರಂಟಿಯ ವಿಚಾರಣೆಗಿಂತ ಮೊದಲು ನಡೆಯಬೇಕು.

ಊರಿನ ಮೆಕ್ಯಾನಿಕ್‌ನ ಬಳಿ ಒಮ್ಮೆ ಬಿಟ್ಟರೆ ವಾರಂಟಿ ರದ್ದು ಎಂಬ ಬೆದರಿಕೆಯೂ ಸಾಮಾನ್ಯ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ 2,544 ಕೋಟಿ ರೂ.ಗೂ ಹೆಚ್ಚು ದಂಡ ವಿಧಿಸಿದ ಆದೇಶದಲ್ಲಿ, ಸ್ವತಂತ್ರ ಕಾರ್ಯಾಗಾರದಲ್ಲಿ ಕೆಲಸ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತನ್ನು ಒಪ್ಪಲಿಲ್ಲ. ಆ ಆದೇಶದ ಕುರಿತು ಮೇಲ್ಮನವಿಗಳು ನಡೆದವು. ಕಾನೂನಿನ ಮಾತು ಹಾಗಿದ್ದರೂ ವ್ಯವಹಾರದಲ್ಲಿ ಎಚ್ಚರ ಅಗತ್ಯ. ಹೊರಗಡೆ ಹೆಚ್ಚುವರಿ ದೀಪ ಅಥವಾ ಸಂಗೀತ ಸಾಧನ ಅಳವಡಿಸುವಾಗ ವೈರ್ ಕತ್ತರಿಸಿದ್ದರೆ, ಆ ಮಾರ್ಗದಲ್ಲಿ ಮುಂದೆ ಕಾಣುವ ಪ್ರತಿಯೊಂದು ವಿದ್ಯುತ್ ದೋಷಕ್ಕೂ ಅದೇ ನೆಪವಾಗುತ್ತದೆ. ಅದೇ ರೀತಿ ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಬಳಸಿದರೆ ಹಳೆಯ ವಾಹನಗಳ ವಾರಂಟಿ ಏನಾಗುತ್ತದೆಂಬ ಆತಂಕ 2025ರ ಆಗಸ್ಟ್‌ನಲ್ಲಿ ದೇಶಾದ್ಯಂತ ಎದ್ದಿತ್ತು. ವಾರಂಟಿಗೆ ಧಕ್ಕೆಯಿಲ್ಲವೆಂದು ತಯಾರಕರ ಒಕ್ಕೂಟ ಭರವಸೆ ನೀಡಿತು. 2023ರ ಏಪ್ರಿಲ್‌ಗಿಂತ ಹಿಂದಿನ ವಾಹನಕ್ಕೆ ಈಗ ವಿಸ್ತರಣೆ ಕೊಳ್ಳುವವರು ಆ ಭರವಸೆಯನ್ನು ಒಪ್ಪಂದದ ಪತ್ರದಲ್ಲಿಯೂ ಹುಡುಕಬೇಕು.

ಪತ್ರಕ್ಕೆ ಸಹಿ ಹಾಕುವವರು ಯಾರೆಂಬುದೂ ಮುಖ್ಯ. ತಯಾರಕರೇ ನೀಡುವ ಯೋಜನೆ ಬೇರೆ, ಮಳಿಗೆಯವರು ಮೂರನೆಯ ಸಂಸ್ಥೆಯಿಂದ ತಂದು ಮಾರುವ ಯೋಜನೆ ಬೇರೆ. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಕಾರು ಮಾರಾಟ ನಿಲ್ಲಿಸಿದಾಗಲೂ, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ಕೈಬಿಡುವುದಾಗಿ ಪ್ರಕಟಿಸಿದಾಗಲೂ ವಾರಂಟಿ ಮತ್ತು ಸೇವೆಯ ಹೊಣೆ ಮುಂದುವರಿಯುವುದೆಂದು ತಯಾರಕರು ಘೋಷಿಸಿದ್ದರು. ಹೆಸರೇ ಕೇಳಿರದ ಮಧ್ಯವರ್ತಿ ಸಂಸ್ಥೆ ಬಾಗಿಲು ಹಾಕಿದರೆ ಅಂತಹ ಘೋಷಣೆಯನ್ನು ನಿರೀಕ್ಷಿಸಲಾಗದು.

ಇಷ್ಟಾದರೂ ಈ ಪತ್ರಗಳು ಬಹುಪಾಲು ಇಂಗ್ಲಿಷಿನಲ್ಲಿಯೇ, ಅದೂ ಸಣ್ಣ ಅಕ್ಷರಗಳಲ್ಲಿಯೇ ಇರುತ್ತವೆ. ಕನ್ನಡದಲ್ಲಿ ಜಾಹೀರಾತು ನೀಡಿ ಮಾರಲು ಬರುವವರಿಗೆ ಹೊರಗಿಟ್ಟ ಭಾಗಗಳ ಒಂದು ಪುಟದ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸುವುದು ಕಷ್ಟವಾಗಬಾರದು. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಮಾರಾಟಗಾರರಿಂದ ಇಷ್ಟನ್ನು ಮಾಡಿಸುವುದು ಅಸಾಧ್ಯವೇನಲ್ಲ.

ವಾರಂಟಿ ನಿರಾಕರಿಸಿದಾಗ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ನೆರವಿಗೆ ಬರುತ್ತದೆ. ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕುಡತಿನಿಯವರು ಬಳ್ಳಾರಿಯ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. ಕಂಪೆನಿಯ ಕಚೇರಿ ಗುರುಗ್ರಾಮದಲ್ಲಿದೆಯೋ ಪುಣೆಯಲ್ಲಿದೆಯೋ ಎಂಬುದು ಮುಖ್ಯವಲ್ಲ. ಆದರೆ ಲಾರಿಯವರಿಗೆ ಒಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ ಮಾತ್ರ ವಿನಾಯಿತಿ. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಈ ಗೆರೆಯನ್ನು ಎಳೆಯಿತು. ಒಂದೇ ಲಾರಿಯನ್ನು ತಾನೇ ಓಡಿಸಿ ಬದುಕುವವನು ಆಯೋಗದ ಮೆಟ್ಟಿಲು ಹತ್ತಬಹುದು. ಹತ್ತು ಲಾರಿಗಳನ್ನು ಅದಿರಿಗೆ ಹಚ್ಚಿದವನು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾದೀತು. ದೂರು ಸಲ್ಲಿಸಲು ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ. ಆದ್ದರಿಂದ ಸರ್ವಿಸ್ ಕೇಂದ್ರದವರು 'ಇದು ವಾರಂಟಿಗೆ ಬರುವುದಿಲ್ಲ' ಎಂದಾಗ ಆ ಮಾತನ್ನು ಕಾರಣ ಸಹಿತ ಜಾಬ್ ಕಾರ್ಡಿನ ಮೇಲೆ ಬರೆಸಿ, ದಿನಾಂಕ ಹಾಕಿಸಿಕೊಂಡೇ ವಾಹನವನ್ನು ಹೊರತರಬೇಕು. ಅದಕ್ಕೂ ಮೊದಲು ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಲು ಯಾವ ಶುಲ್ಕವೂ ಇಲ್ಲ.