ಹತ್ತು ಎಕರೆಯ ಹೂವು, ಅಡಿಯಲ್ಲಿ ಲಿಥಿಯಂ

ಹೊಸೂರಿನಲ್ಲಿ ಬ್ಯಾಟರಿ ಸ್ಕೂಟರ್ ತಯಾರಾಗಲು ತೊಡಗಿದ ಮೇಲೆ ಲಿಥಿಯಂ ಎಂಬ ಹೆಸರು ನಮ್ಮ ಸಂತೆಯವರಿಗೂ ಹೊಸದಲ್ಲ. ಆ ಲೋಹಕ್ಕಾಗಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ವರ್ಷಗಳಿಂದ ಒಂದು ತಕರಾರು ನಡೆದಿದೆ. ಎದುರು ಪಕ್ಷ ಯಾವುದು ಗೊತ್ತೇ? ಗೇಣುದ್ದದ ಒಂದು ಹೂಗಿಡ.

ಹೆಸರು ಟೀಮ್ಸ್ ಬಕ್‌ವೀಟ್. ಅರ್ನಾಲ್ಡ್ ಟೀಮ್ ಎಂಬ ಸಸ್ಯತಜ್ಞರ ಕಣ್ಣಿಗೆ 1983ರಲ್ಲಿ ಬಿತ್ತು. ತಿಳಿಹಳದಿ ಚೆಂಡಿನಂಥ ಹೂವು. ರಯೊಲೈಟ್ ರಿಡ್ಜ್ ಎಂಬ ಗುಡ್ಡಸಾಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಲ್ಲಿಯೂ ಹಬ್ಬಿರುವುದು ಸುಮಾರು 10 ಎಕರೆಯಲ್ಲಿ ಅಷ್ಟೇ. ಅದೇ ಜಾಗದಲ್ಲಿ ಲಿಥಿಯಂ ಮತ್ತು ಬೋರಾನ್ ತೆಗೆಯುವುದು ಅಯೋನಿಯರ್ ಎಂಬ ಆಸ್ಟ್ರೇಲಿಯಾ ಕಂಪನಿಯ ಯೋಜನೆ.

ಬೋರಾನ್ ಅಂದ್ರೆ ಏನೆಂದು ನಮ್ಮ ಶೇಂಗಾ, ಹತ್ತಿ ಬೆಳೆಗಾರರಿಗೆ ಹೇಳಬೇಕಿಲ್ಲ. ಅಳೆದು ಹಾಕಿದರೆ ಗೊಬ್ಬರ, ಕೈ ಮೀರಿದರೆ ಎಲೆ ಸುಡುತ್ತದೆ. ಹೆಚ್ಚಿನ ಗಿಡಗಳಿಗೆ ಒಗ್ಗದ ಅಂಥ ಮಣ್ಣಿನಲ್ಲೇ ಈ ಹೂವು ಬೇರೂರಿದೆ. ಆದ್ದರಿಂದ ಕಿತ್ತು ಬೇರೆ ಕಡೆ ನೆಟ್ಟರಾಯಿತು ಎಂಬ ಮಾತನ್ನು ನಾನು ನಂಬುವುದಿಲ್ಲ.

2020ರಲ್ಲಿ 17 ಸಾವಿರಕ್ಕೂ ಹೆಚ್ಚು ಗಿಡಗಳು ಬುಡಸಮೇತ ಹಾಳಾದವು. ಯಾರೋ ಬೇಕಂತಲೇ ಕಿತ್ತರೆಂದು ಗುಲ್ಲೆದ್ದಿತು. ಡಿಎನ್‌ಎ ಪರೀಕ್ಷೆಯಲ್ಲಿ ಸಿಕ್ಕ ಕಳ್ಳ ಅಳಿಲು! ಬರಗಾಲದಲ್ಲಿ ನೀರಿಗಾಗಿ ಬೇರು ಕಡಿದಿರಬೇಕು. ಇಷ್ಟು ಸಣ್ಣ ಜಾಗದಲ್ಲಿರುವ ಜೀವಕ್ಕೆ ಒಂದು ಕೆಟ್ಟ ವರ್ಷ ಸಾಕು.

2022ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಅಳಿವಿನಂಚಿನ ಸಸ್ಯವೆಂದು ಸಾರಿ 910 ಎಕರೆ ಗುರುತಿಸಿತು. ಹತ್ತು ಎಕರೆ ಗಿಡಕ್ಕೆ ಅಷ್ಟೊಂದು ಜಾಗ ಯಾಕೆ ಅಂತ ನೀವು ಕೇಳಬಹುದು. ಪರಾಗ ಹೊರುವ ಜೇನು, ಕಣಜ, ನೊಣಗಳಿಗೆ ಸುತ್ತಲಿನ ನೆಲವೂ ಬೇಕು. ಆದರೆ 2024ರ ಅಕ್ಟೋಬರಿನಲ್ಲಿ ಗಣಿಗೆ ಒಪ್ಪಿಗೆ ಕೊಟ್ಟಾಗ ಗಿಡಗಳಿರುವ ತುಂಡುಗಳನ್ನು ಬಿಟ್ಟು, ಆ 910ರಲ್ಲಿ ಸುಮಾರು ಐದನೇ ಒಂದು ಭಾಗವನ್ನು ಗಣಿ ಕೆಲಸಕ್ಕೆ ತೆರೆದರು. ನನ್ನ ಆಕ್ಷೇಪ ಇಲ್ಲೇ. ಗಿಡಕ್ಕೆ ಬೇಲಿ ಹಾಕಬಹುದು, ಧೂಳಿಗೆ ಹಾಕಲಾದೀತೇ? ಅದಿರು ಲಾರಿಗಳ ದಾರಿಯಲ್ಲಿ ಹೊಲ ಇದ್ದ ರಾಯದುರ್ಗದ ಕಡೆಯವರನ್ನು ಕೇಳಿ. ಪರಿಸರ ಸಂಘಟನೆಗಳು ಅದೇ ತಿಂಗಳು ನ್ಯಾಯಾಲಯಕ್ಕೆ ಹೋದವು.

ಹಾಗಂತ ಬ್ಯಾಟರಿಯೇ ಬೇಡ ಅನ್ನುವವನು ನಾನಲ್ಲ. ಪೆಟ್ರೋಲ್ ಹೊಗೆಯೂ ಬೆಳೆಗೆ, ಮಳೆಗೆ ಹಿತವಲ್ಲ. ಅಮೆರಿಕ ಸರ್ಕಾರ ಈ ಗಣಿಗೆ 2025ರ ಜನವರಿಯಲ್ಲಿ 99.6 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ್ದೂ ಆ ಲೆಕ್ಕದ ಮೇಲೆಯೇ. ಆದರೆ 2022ರಲ್ಲಿ ಗಗನಕ್ಕೇರಿದ್ದ ಲಿಥಿಯಂ ದರ ಮುಂದಿನ ಎರಡು ವರ್ಷಗಳಲ್ಲಿ ನೆಲ ಕಚ್ಚಿತ್ತು. ಸಾಲ ಮಂಜೂರಾದ ಮರುತಿಂಗಳೇ, ಅರ್ಧ ಪಾಲಿಗೆ 49 ಕೋಟಿ ಡಾಲರ್ ಹಾಕಬೇಕಿದ್ದ ದಕ್ಷಿಣ ಆಫ್ರಿಕಾದ ಪಾಲುದಾರ ಕಂಪನಿ ಕೈ ಬಿಟ್ಟಿತು. ಆಗ ಆ ಗುಡ್ಡಕ್ಕೆ ಸಿಕ್ಕ ಬಿಡುವು ಕಾನೂನು ಕೊಟ್ಟದ್ದಲ್ಲ, ಪೇಟೆ ದರ ಕೊಟ್ಟದ್ದು.