ಟ್ರೀಟ್‌ಮೆಂಟ್ ಮುಗೀತು, ಆಮೇಲೆ?

ಅಕ್ಟೋಬರ್ ಬಂತೆಂದರೆ ನಮ್ಮ ಕ್ಯಾಂಪಸ್ಸೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ರಿಬ್ಬನ್, ವಾಕಥಾನ್, ಸೆಲ್ಫಿ. ತಪ್ಪೇನಿಲ್ಲ, ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವುದು ಸ್ತನ ಕ್ಯಾನ್ಸರೇ. ಆದರೆ ನಮ್ಮ ಮಾತೆಲ್ಲ "ಬೇಗ ಪತ್ತೆ ಹಚ್ಚಿ, ಚಿಕಿತ್ಸೆ ಪಡೆಯಿರಿ" ಅನ್ನೋದಕ್ಕೇ ನಿಂತುಬಿಡುತ್ತದೆ. ಚಿಕಿತ್ಸೆ ಪಡೆದು ಮನೆಗೆ ಬಂದವರ ಬಗ್ಗೆ ಯಾರು ಮಾತಾಡ್ತಾರೆ?

ನಮ್ಮಲ್ಲಿ ಕೆಲವರ ಮನೆಯಲ್ಲೇ ಅಂಥವರಿದ್ದಾರೆ. ಅಮ್ಮ, ಚಿಕ್ಕಮ್ಮ, ಪಕ್ಕದ್ಮನೆ ಆಂಟಿ. ಕೊನೆಯ ಕೀಮೋ ಆದ ದಿನ "ಸದ್ಯ, ಮುಗೀತಲ್ಲ" ಅಂತ ಎಲ್ಲರೂ ನಿಟ್ಟುಸಿರು ಬಿಡ್ತೀವಿ. ಪ್ರಾಜೆಕ್ಟ್ ಸಬ್ಮಿಟ್ ಮಾಡಿದವರ ಹಾಗೆ ನಾವು ಹಾಸ್ಟೆಲ್‌ಗೆ ವಾಪಸ್. ಮನೆಗೆ ಮಾತ್ರ ಮರುವಾರವೇ ಹಳೇ ಅಮ್ಮ ಬೇಕು.

ಆದರೆ ದೇಹ ಹಾಗೆ ವಾಪಸ್ ಬರಲ್ಲ. ಎಷ್ಟು ಮಲಗಿದರೂ ಹೋಗದ ಸುಸ್ತು ತಿಂಗಳುಗಟ್ಟಲೆ ಇರಬಹುದು. ಹಲವರು ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಯನ್ನು 5ರಿಂದ 10 ವರ್ಷ ದಿನಾ ನುಂಗಬೇಕು. ಅದರಿಂದ ಮೈ ಇದ್ದಕ್ಕಿದ್ದಂತೆ ಬಿಸಿಯೇರುತ್ತದೆ, ನಿದ್ದೆ ಕೆಡುತ್ತದೆ. ಕಂಕುಳ ಗ್ರಂಥಿಗಳನ್ನು ತೆಗೆದಿದ್ದರೆ ಆ ಕೈ ಊದಿಕೊಳ್ಳಬಹುದು, ಕೆಲವೊಮ್ಮೆ ವರ್ಷಗಳ ನಂತರವೂ. ಆಗ ಅಡುಗೆಮನೆಯ ಚಿಕ್ಕ ಸುಟ್ಟಗಾಯವೂ ಸೋಂಕಾಗಿ ಕಾಡಬಹುದು.

ಮನಸ್ಸಿನದ್ದು ಇನ್ನೊಂದು ಕತೆ. ಚಿಕಿತ್ಸೆ ನಡೆಯುವಾಗ ಡೇಟ್ ಇರುತ್ತದೆ, ಡಾಕ್ಟರ್ ಇರ್ತಾರೆ, ಜನ ಬಂದು ಹೋಗ್ತಾರೆ. ಮುಗಿದ ಮೇಲೆ ಎಲ್ಲ ಖಾಲಿ. ಭಯ ಶುರುವಾಗೋದೇ ಆಗ. ಸಣ್ಣ ಬೆನ್ನುನೋವು ಬಂದರೂ "ಮತ್ತೆ ಬಂತಾ?" ಅನ್ನೋ ಪ್ರಶ್ನೆ. ಅದನ್ನು ಹೇಳಿಕೊಳ್ಳಲು ಬಾಯಿ ತೆರೆದರೆ ನಾವು "ಧೈರ್ಯವಾಗಿರಮ್ಮ, ಪಾಸಿಟಿವ್ ಆಗಿ ಯೋಚ್ನೆ ಮಾಡು" ಅಂತೀವಿ. ಅಲ್ಲಿಗೆ ಮಾತು ಮುಗೀತು.

"ಯೋಗ ಮಾಡಿ, ವಾಕಿಂಗ್ ಹೋಗಿ" ಅನ್ನುವ ಸಲಹೆ ಸರಿಯಾದದ್ದೇ. ನಿಯಮಿತ ವ್ಯಾಯಾಮದಿಂದ ಸುಸ್ತೂ ಕಡಿಮೆಯಾಗುತ್ತದೆ, ಮನಸ್ಸೂ ಹಗುರಾಗುತ್ತದೆ. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಆದರೆ ನಾಲ್ಕು ಜನರ ತಿಂಡಿ, ಪಾತ್ರೆ, ಬಟ್ಟೆ ಎಲ್ಲ ಅವರ ತಲೆ ಮೇಲೇ ಇದ್ದರೆ ಆ ಅರ್ಧ ಗಂಟೆ ಬರೋದೆಲ್ಲಿಂದ? ಹಾಗಾಗಿ ಬದಲಾಗಬೇಕಾದ್ದು ಅವರ ದಿನಚರಿಗಿಂತ ಮೊದಲು ಮನೆಯ ದಿನಚರಿ, ಅದರಲ್ಲೂ ಮನೆಯ ಗಂಡಸರದ್ದು.

ಹಾಗಂತ ಅವರನ್ನು ಗಾಜಿನ ಬೊಂಬೆ ಮಾಡೋದೂ ಬೇಡ. ಕೆಲವರಿಗೆ ಕೆಲಸಕ್ಕೆ ಮರಳುವುದೇ, ತಮ್ಮ ಕೈಯಾರೆ ಒಗ್ಗರಣೆ ಹಾಕುವುದೇ ಸಮಾಧಾನ. ನಾವೇ ತೀರ್ಮಾನಿಸುವ ಬದಲು ಕೇಳೋಣ. ರಜೆಗೆ ಹೋದಾಗ ನೀರಿನ ಕ್ಯಾನ್ ಎತ್ತೋಣ, ಫಾಲೋಅಪ್‌ಗೆ ಜೊತೆಗೆ ಹೋಗೋಣ, ಸಂಜೆ ಜೊತೆಯಲ್ಲಿ ನಡೆಯೋಣ. ಬೇಸರ, ನಿದ್ರಾಹೀನತೆ ವಾರಗಟ್ಟಲೆ ಹೋಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ದಿನಾ ರಾತ್ರಿ ಫೋನ್ ಮಾಡಿ "ಊಟ ಆಯ್ತಾ?" ಅಂತ ಕೇಳೋದು ಅಮ್ಮ. ಇವತ್ತು ನಾವು ಕೇಳೋಣ: "ನಿದ್ದೆ ಬಂತಾಮ್ಮ? ಕೈ ನೋವು ಹೇಗಿದೆ?" ಆಮೇಲೆ ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಳ್ಳೋಣ.